ವಿಷಯದಿಂದ ಪ್ರಶ್ನೆಯವರೆಗೆ: ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ವಿದ್ಯಾರ್ಥಿಯ ಆಯ್ಕೆಯ ಸಂಶೋಧನೆ

ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ವಿದ್ಯಾರ್ಥಿ ತಾನೇ ಒಂದು ವಿಷಯವನ್ನು ಆರಿಸಿಕೊಂಡು, ಅದನ್ನು ಕುರಿತು ಓದಿ, ತಿಳಿದವರನ್ನು ಕೇಳಿ, ಕಂಡುಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯುವ ಕಿರು ಸಂಶೋಧನೆಯೇ ಈ ವಿಚಾರ ಸಂಕಿರಣದ ವಸ್ತು. ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಈ ಕೆಲಸ ಶಾಲೆಗಳಲ್ಲಿ ಬಹುಕಾಲದಿಂದ ನಡೆಯುತ್ತಿದ್ದರೂ ಅದರಲ್ಲಿ ಆಯ್ಕೆ ಎಂಬ ಮಾತಿಗಿರುವ ಅರ್ಥವೇನೆಂಬುದರ ಚರ್ಚೆ ಆಗಬೇಕಾದಷ್ಟು ಆಗಿಲ್ಲ. ಕರಿಹಲಗೆಯ ಮೇಲೆ ಬರೆದ ಹತ್ತು ವಿಷಯಗಳಲ್ಲಿ ಒಂದಕ್ಕೆ ಹೆಸರು ಕೊಡುವುದು, ಸ್ಟೇಷನರಿ ಅಂಗಡಿಯಿಂದ ಚಿತ್ರಗಳ ಚಾರ್ಟ್ ತಂದು ಕತ್ತರಿಸಿ ಅಂಟಿಸುವುದು, ಚಾರ್ಟಿನ ಹಿಂಬದಿಯಲ್ಲಿ ಅಚ್ಚಾಗಿರುವ ನಾಲ್ಕು ಸಾಲುಗಳನ್ನು ಸ್ಕೆಚ್ ಪೆನ್ನಿನಿಂದ ದುಂಡಗೆ ಬರೆದು ಫೈಲು ಮಾಡಿ ಒಪ್ಪಿಸುವುದು, ಇಷ್ಟರಲ್ಲೇ ಎಷ್ಟೋ ಪ್ರಾಜೆಕ್ಟುಗಳು ಮುಗಿಯುತ್ತವೆ. ಅವುಗಳಲ್ಲಿ ಶ್ರಮವೂ ಅಚ್ಚುಕಟ್ಟೂ ಇವೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಇಲ್ಲದಿರುವುದು ಆ ಮಗುವಿಗೆ ತಿಳಿಯದ, ತಿಳಿಯಲೇಬೇಕೆಂದು ಅನಿಸಿದ ಸಂಗತಿ.

ಅಮೆರಿಕದ ಇಂಗ್ಲಿಷ್ ಬೋಧನೆಯಲ್ಲಿ ಈ ಕೊರತೆಯನ್ನು ನೇರವಾಗಿ ಎದುರಿಸಿದವರು ಕೆನ್ ಮಕ್ರೋರಿ. ಮಿಷಿಗನ್ ರಾಜ್ಯದ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರು, ಶಿಕ್ಷಕರನ್ನು ಮೆಚ್ಚಿಸಲೆಂದೇ ಬರೆದ, ಬರೆದವರ ಉಸಿರೇ ತಾಗದ ಇಂಗ್ಲಿಷನ್ನು 1970ರ ತಮ್ಮ ‘ಅಪ್‌ಟಾಟ್’ ಪುಸ್ತಕದಲ್ಲಿ ‘ಎಂಗ್‌ಫಿಷ್’ ಎಂದು ಕರೆದರು; 1980ರ ‘ಸರ್ಚಿಂಗ್ ರೈಟಿಂಗ್’ ಪುಸ್ತಕದಲ್ಲಿ ‘ಐ-ಸರ್ಚ್’ ಎಂಬ ಬೇರೊಂದು ಕ್ರಮವನ್ನು ಮುಂದಿಟ್ಟರು. ನಾನೇ ಹುಡುಕಿದ್ದು ಎಂಬ ಧ್ವನಿಯುಳ್ಳ ಈ ಬರಹದಲ್ಲಿ ವಿದ್ಯಾರ್ಥಿ ತನಗೆ ಮೊದಲೇ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಈ ಹುಡುಕಾಟ ತನಗೇಕೆ ಬೇಕಾಯಿತು, ಹುಡುಕಿದ ದಾರಿ ಹೇಗಿತ್ತು, ಕೊನೆಗೆ ತಿಳಿದದ್ದೇನು ಎಂಬುದನ್ನು ಕಥನದ ರೂಪದಲ್ಲಿ ಹೇಳುತ್ತಾನೆ. ಗ್ರಂಥಾಲಯದ ಜೊತೆಗೆ ಆ ವಿಷಯದಲ್ಲಿ ಪಳಗಿದ ಜನರ ಬಳಿಗೂ ಹೋಗುತ್ತಾನೆ. ಕನ್ನಡದಲ್ಲಿ ‘ಶೋಧಿಸು’ ಎಂಬ ಮಾತಿಗೆ ಹುಡುಕು ಎಂಬ ಅರ್ಥವೂ ಸೋಸು ಎಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು. ಹುಡುಕಿದ್ದರಲ್ಲಿ ಜರಡಿಯ ಮೇಲೆ ಉಳಿದದ್ದೇನು, ಕೆಳಗೆ ಬಿದ್ದದ್ದೇನು ಎಂಬ ಲೆಕ್ಕವೂ ಐ-ಸರ್ಚ್ ಬರಹದ ಭಾಗವೇ ಆಗಿದೆ.

ಆದರೆ ಆಯ್ಕೆಯನ್ನು ಮಗುವಿಗೆ ಬಿಟ್ಟುಕೊಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಕ್ಯಾರಲ್ ಕುಲ್‌ತಾವ್ ಅವರ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ಶಾಲಾ ಗ್ರಂಥಪಾಲಕಿಯಾಗಿದ್ದು ಅನಂತರ ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಅವರು, 1980ರ ದಶಕದಲ್ಲಿ ಪ್ರೌಢಶಾಲೆಯ ಅಂತಿಮ ವರ್ಷದ ಇಂಗ್ಲಿಷ್ ವಿದ್ಯಾರ್ಥಿಗಳು ಸಂಶೋಧನಾ ಪ್ರಬಂಧ ಬರೆಯುವಾಗ ಏನು ಯೋಚಿಸುತ್ತಾರೆ, ಏನು ಮಾಡುತ್ತಾರೆ ಎಂಬುದರ ಜೊತೆಗೆ ಅವರ ಮನಸ್ಸಿಗೆ ಏನಾಗುತ್ತದೆ ಎಂಬುದನ್ನೂ ಹಿಂಬಾಲಿಸಿ ನೋಡಿದರು. ಕೆಲಸ ಕೊಟ್ಟಾಗ ಕಳವಳ, ವಿಷಯ ಆರಿಸಿಕೊಂಡ ಮೇಲೆ ಹುರುಪು. ಇಷ್ಟು ಯಾರೂ ಊಹಿಸಬಹುದಾದದ್ದೇ. ಅನಂತರದ ಹಂತದಲ್ಲಿ, ಅಂದರೆ ಓದತೊಡಗಿ ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಹೊಂದಿಕೆಯಾಗದೆ ವಿಷಯ ಕೈಮೀರಿ ಹಬ್ಬತೊಡಗಿದಾಗ, ಆ ಹುರುಪು ಕುಸಿದು ಗೊಂದಲವೂ ತನ್ನ ಮೇಲೇ ಅನುಮಾನವೂ ಹೆಚ್ಚುತ್ತವೆ. ಹುಡುಕಾಟಕ್ಕೊಂದು ನಿರ್ದಿಷ್ಟ ದಿಕ್ಕು ಸಿಕ್ಕಿದ ಮೇಲಷ್ಟೇ ಮನಸ್ಸು ತಿಳಿಯಾಗುತ್ತದೆ. ಹಾಗಾದರೆ ಆ ಗೊಂದಲವನ್ನು ವಿದ್ಯಾರ್ಥಿಯ ದಡ್ಡತನವೆಂದೋ ಸೋಮಾರಿತನವೆಂದೋ ತಿಳಿಯುವುದು ಅನ್ಯಾಯ. ಅದು ಹುಡುಕಾಟದ ಸಹಜ ಘಟ್ಟ. ತರಗತಿಗಳಲ್ಲಿ ಶಿಕ್ಷಕರ ಮಾತು ಹೆಚ್ಚಾಗಿ ಕೇಳಿಬರುವುದು ವಿಷಯ ಕೊಡುವ ದಿನ ಮತ್ತು ಫೈಲು ತರಿಸಿಕೊಳ್ಳುವ ದಿನ. ಅವರು ನಿಜವಾಗಿ ಬೇಕಾಗಿರುವ ನಡುವಿನ ವಾರಗಳಲ್ಲಿ ಮಗು ಒಂಟಿ. ಆ ಒಂಟಿತನದಲ್ಲೇ ನಕಲು ಹುಟ್ಟುತ್ತದೆ.

ಈ ನಡುವಿನ ಕೆಲಸ ಏನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಕೋಲಾರದ ಕಡೆಯ ಹಳ್ಳಿಯೊಂದರ ಒಂಬತ್ತನೆಯ ತರಗತಿಯ ಹುಡುಗಿ ‘ನೀರು’ ಎಂಬ ವಿಷಯ ಆರಿಸಿಕೊಂಡಳೆಂದು ಭಾವಿಸೋಣ. ಅದು ವಿಷಯವಷ್ಟೇ, ಇನ್ನೂ ಪ್ರಶ್ನೆಯಲ್ಲ. ಅದರ ಮೇಲೆ ಸಿದ್ಧ ಪ್ರಬಂಧ ಯಾವ ಗೈಡಿನಲ್ಲೂ ಸಿಗುತ್ತದೆ, ಇಂದು ಮೊಬೈಲಿನಲ್ಲಿ ಕೇಳಿದರೆ ಯಂತ್ರವೇ ಬರೆದುಕೊಡುತ್ತದೆ. ಶಿಕ್ಷಕರು ಪಕ್ಕದಲ್ಲಿ ಕುಳಿತು, ನೀರಿನಲ್ಲಿ ಅವಳಿಗೆ ಬಗೆಹರಿಯದಿರುವುದೇನೆಂದು ಎರಡು ಮೂರು ಸಲ ಕೇಳಿದರೆ, ಮಳೆಗಾಲದಲ್ಲಿ ಕೋಡಿ ಬಿದ್ದ ಊರ ಕೆರೆ ಯುಗಾದಿಯ ಹೊತ್ತಿಗೆ ಏಕೆ ಬತ್ತಿತು ಎಂಬಲ್ಲಿಗೆ ಅವಳು ಬಂದು ನಿಲ್ಲಬಹುದು. ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವ ನೀರುಗಂಟಿಯನ್ನು, ತೂಬಿನ ಕೆಳಗೆ ಗದ್ದೆಯಿದ್ದ ಅಜ್ಜನನ್ನು ಅವಳು ಕೇಳಬೇಕು. ಇಬ್ಬರೂ ಬೇರೆ ಬೇರೆ ಕಾರಣ ಹೇಳಿದರೆ ಎರಡನ್ನೂ ತೂಗಿ ನೋಡಬೇಕು. ಅವರು ಹೇಳುವುದು ಕನ್ನಡದಲ್ಲೋ ತೆಲುಗಿನಲ್ಲೋ. ಅವಳು ಬರೆಯಬೇಕಾದುದು ಇಂಗ್ಲಿಷಿನಲ್ಲಿ. ತೂಬಿಗೆ ‘ಸ್ಲೂಸ್’ ಎಂಬ ಪದವನ್ನು ನಿಘಂಟಿನಲ್ಲಿ ಕಂಡುಕೊಂಡರೂ ನೀರುಗಂಟಿಗೆ ಒಂದೇ ಪದ ಸಿಗದೆ, ಆತ ಯಾರು, ಏನು ಮಾಡುತ್ತಾನೆ ಎಂಬುದನ್ನು ಒಂದು ಇಡೀ ವಾಕ್ಯದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ವ್ಯಾಕರಣದ ಪುಸ್ತಕದಲ್ಲಿ ಅಭ್ಯಾಸವಾಗಿ ಬರುವ ಸಂಬಂಧಸೂಚಕ ಉಪವಾಕ್ಯ, ಅಂದರೆ ಒಂದು ನಾಮಪದವನ್ನು ವಿವರಿಸಲು ಅದಕ್ಕೆ ಜೋಡಿಸುವ ಕಿರುವಾಕ್ಯ, ಅವಳಿಗೆ ಅಲ್ಲಿ ಅನಿವಾರ್ಯವಾಗಿ ಬೇಕಾಗುತ್ತದೆ. ಇಂಗ್ಲಿಷ್ ತರಗತಿಯಲ್ಲೇ ಈ ಸಂಶೋಧನೆ ನಡೆಯಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ: ತನಗೆ ಮಾತ್ರ ಗೊತ್ತಿರುವುದನ್ನು ಇನ್ನೊಬ್ಬರಿಗೆ ತಿಳಿಸಲು ಹೊರಟ ಮಗುವಿಗೆ ಭಾಷೆಯ ಅಗತ್ಯ ನಿಜವಾದ ಅಗತ್ಯವೇ ಆಗಿರುತ್ತದೆ.

ಅಡಚಣೆಗಳು ಎಲ್ಲರಿಗೂ ತಿಳಿದವೇ: ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಗಳು, ಗ್ರಂಥಪಾಲಕರಿಲ್ಲದ ಶಾಲೆಗಳು. ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಜಾಗ ಇಲ್ಲವೆನ್ನುವಂತಿಲ್ಲ, ಆ ಅಂಕ ಯಾವುದಕ್ಕೆ ಸಲ್ಲುತ್ತದೆ ಎಂಬುದೇ ಪ್ರಶ್ನೆ. ಫೈಲಿನ ಅಂದಕ್ಕೆ ಅಂಕ ಸಂದರೆ ಅಂದವೇ ಬೆಳೆಯುತ್ತದೆ. ಪ್ರಶ್ನೆ ಬದಲಾದ ಬಗೆಗೆ, ಸಂದರ್ಶನಕ್ಕೆ ಮಾಡಿಕೊಂಡ ಸಿದ್ಧತೆಗೆ, ಉತ್ತರ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದ ಪುಟಕ್ಕೆ ಅಂಕ ಕೊಡುವುದು ಕಷ್ಟದ ಕೆಲಸ, ಶಿಕ್ಷಕರ ವಿವೇಚನೆಯ ಮೇಲೆ ನಂಬಿಕೆ ಬೇಡುವ ಕೆಲಸ. ಆ ನಂಬಿಕೆಯನ್ನು ಇಲಾಖೆಯೂ ಪೋಷಕರೂ ಅವರಿಗೆ ಕೊಡಲೇಬೇಕು.

ಈ ಎರಡು ದಿನಗಳ ಗೋಷ್ಠಿಗಳಲ್ಲಿ ಮಂಡನೆಯಾಗುವ ಪ್ರಬಂಧಗಳು ಮುಗಿದ ಪ್ರಾಜೆಕ್ಟುಗಳ ಜೊತೆಗೆ ಅವುಗಳ ಕರಡು ನೋಟ್‌ಬುಕ್ಕುಗಳನ್ನೂ ಮೇಜಿನ ಮೇಲೆ ಇಡುವುದು ಅಪೇಕ್ಷಣೀಯ. ಮೊದಲ ಪುಟದಲ್ಲಿ ‘ನೀರು’ ಎಂದಿದ್ದು, ಅದಕ್ಕೆ ಗೀಟು ಎಳೆದು ಕೆಳಗೆ ‘ಕೆರೆ’ ಎಂದಾಗಿ, ಅದನ್ನೂ ಹೊಡೆದುಹಾಕಿ ಮೂರನೆಯ ಪುಟದಲ್ಲಿ ತಪ್ಪು ಕಾಗುಣಿತದ ಇಂಗ್ಲಿಷಿನಲ್ಲಿ ಒಂದು ಪೂರ್ಣ ಪ್ರಶ್ನೆ ಮೂಡಿರುವ ಅಂಥ ನೋಟ್‌ಬುಕ್ಕಿನಿಂದಲೇ ಮೊದಲ ಗೋಷ್ಠಿಯ ಚರ್ಚೆ ಆರಂಭವಾಗಬಹುದು.