ನೇಕಾರರ ಊರಿನ ಪುಸ್ತಕದ ಮನೆ

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಒಂದು ಕಾಲಕ್ಕೆ ಕೈಮಗ್ಗದ ಊರು. ಅಲ್ಲಿನ ನೇಕಾರ ವಿಲಿಯಂ ಕಾರ್ನೆಗಿ ಮತ್ತು ಕೆಲವು ಜೊತೆಗಾರರು ತಮ್ಮತಮ್ಮ ಪುಸ್ತಕಗಳನ್ನು ಒಟ್ಟುಗೂಡಿಸಿ ಅಕ್ಕಪಕ್ಕದವರಿಗೆ ಓದಲು ಕೊಡುತ್ತಿದ್ದರು. ಅಷ್ಟರಲ್ಲಿ ಉಗಿಮಗ್ಗ ಬಂತು, ಕೈಮಗ್ಗ ಮೂಲೆ ಸೇರಿತು. 1848ರಲ್ಲಿ ಸಂಸಾರ ಸಮೇತ ವಿಲಿಯಂ ಅಮೆರಿಕದ ಹಡಗು ಹತ್ತಿದ. ಮಗ ಆಂಡ್ರ್ಯೂಗೆ ಆಗ ಹನ್ನೆರಡು ವರ್ಷ.

ಆ ಹುಡುಗ ಮುಂದೆ ಉಕ್ಕಿನ ದೊರೆಯಾದ. ಹುಟ್ಟೂರಿಗೆ ಗ್ರಂಥಾಲಯ ಕಟ್ಟಿಸಲು 8,000 ಪೌಂಡ್ ಕೊಟ್ಟ. 1881ರಲ್ಲಿ ಅಡಿಗಲ್ಲು ಇಟ್ಟವರು ಅವನ ತಾಯಿ ಮಾರ್ಗರೆಟ್. ಊರು ಬಿಟ್ಟಾಗ ಕೈಯಲ್ಲಿ ಸಾಲದ ಹಣವಿದ್ದ ಹೆಂಗಸು!

ಬಾಗಿಲ ಮೇಲೆ ಕೆತ್ತಲು ಮನೆತನದ ಲಾಂಛನ ಬೇಕೆಂದು ವಾಸ್ತುಶಿಲ್ಪಿ ಕೇಳಿದ. ನೇಕಾರನ ಮನೆಗೆಲ್ಲಿಯ ಲಾಂಛನ? ಉದಯಿಸುವ ಸೂರ್ಯನನ್ನೂ, ಬೆಳಕಾಗಲಿ ಎಂಬ ಅರ್ಥದ ಮಾತನ್ನೂ ಕೆತ್ತಿಸಲಾಯಿತು.

1883ರ ಆಗಸ್ಟ್ 29ರಂದು ಬಾಗಿಲು ತೆರೆಯಿತು. ಮುಂದೆ ಜಗತ್ತಿನಾದ್ಯಂತ ಎದ್ದ 2,500ಕ್ಕೂ ಹೆಚ್ಚು ಕಾರ್ನೆಗಿ ಗ್ರಂಥಾಲಯಗಳಿಗೆ ಇದೇ ಮೊದಲನೆಯದು. ಕಟ್ಟಡ ದಾನಿಯದು, ನಡೆಸುವ ಖರ್ಚು ಊರಿನ ತೆರಿಗೆಯದು ಎಂಬುದು ಅವನ ಸಾಮಾನ್ಯ ಷರತ್ತು. ಜಾಣ ವ್ಯಾಪಾರಿಯ ದಾನ ಅದು.

ಇದೇ ದಾನಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿಯ ಜಗಳಕ್ಕೆ ರಕ್ತ ಹರಿಯಿತು ಎಂಬುದನ್ನೂ ಮರೆಯುವಂತಿಲ್ಲ.

ಗ್ರಂಥಾಲಯದ ಹಳೆಯ ಕಲ್ಲಿನ ಕಟ್ಟಡ ಈಗಲೂ ಇದೆ. 2017ರಲ್ಲಿ ಅದರ ಮಗ್ಗುಲಿಗೇ ಹೊಸ ಭಾಗ ಸೇರಿತು: ಚಿತ್ರಶಾಲೆ, ವಸ್ತುಸಂಗ್ರಹಾಲಯ. ಒಳಗೆ, ಪುಸ್ತಕಗಳ ನೆರೆಯಲ್ಲೇ, ಊರಿನ ನೇಯ್ಗೆಯ ಕಾಲದ ಒಂದು ಮಗ್ಗವೂ ನಿಂತಿದೆ.