ಗಿಡಕ್ಕೊಂದು ಮನೆ

ನಮ್ಮ ಹಳ್ಳಿಗಳ ಎಷ್ಟೋ ಅಂಗಳಗಳಲ್ಲಿ ತುಳಸಿಕಟ್ಟೆ ಉಂಟು. ಕಲ್ಲು, ಮಣ್ಣು, ಸುಣ್ಣಗಳಿಂದ ಮನೆಯವರೇ ಕಟ್ಟಿಕೊಂಡ ಅದನ್ನು ನಮ್ಮ ಮೊದಲ ಹೂಕುಂಡವೆಂದರೆ ತಪ್ಪಾಗದು. ಒಂದು ಗಿಡಕ್ಕೆ ಅದರದೇ ಆದ ಮನೆ ಮಾಡಿಕೊಡುವ ವಿದ್ಯೆ ನಮಗೆ ಹೊಸದಲ್ಲ. ಕುಂಡವೆಂದರೆ ಅಂಗಡಿಯಿಂದಲೇ ಬರಬೇಕೆಂಬ ಭಾವನೆ ಮಾತ್ರ ಹೊಸದು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ವರ್ಷವಿಡೀ ಹರಿಯುವ ಹೊಳೆ ಅಲ್ಲಿಲ್ಲ. ಕೆರೆ, ಕೊಳವೆಬಾವಿಗಳೇ ಆಧಾರ. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಬೆಳೆಯುವ ಕೆಂಪು ನೆಲ. ಇಂಥ ಊರಿನಲ್ಲಿ ಕುಂಡಕ್ಕೆ ಒದಗುವ ವಸ್ತುಗಳು ಹಿತ್ತಲಿನಲ್ಲಿಯೇ ಬಿದ್ದಿರುತ್ತವೆ. ಕಂಠ ಒಡೆದ ಗಡಿಗೆ, ತಳ ಸವೆದ ಬಕೆಟ್ಟು, ತೆಂಗಿನ ಚಿಪ್ಪು, ಎಣ್ಣೆಯ ಡಬ್ಬ, ಇವೆಲ್ಲವೂ ಗಿಡಕ್ಕೆ ಮನೆಯಾಗಬಲ್ಲವು. ರೇಷ್ಮೆ ಸಾಕುವವರ ಮನೆಯಲ್ಲಿ ಮುರಿದ ಬಿದಿರಿನ ಚಂದ್ರಿಕೆ ಇದ್ದರೆ, ತೊಳೆದು ಬಿಸಿಲಿಗೆ ಒಣಗಿಸಿ ಗೋಡೆಗೆ ಒರಗಿಸಿರಿ. ಕುಂಡದ ಬಸಳೆಬಳ್ಳಿ ಅದನ್ನು ಹಿಡಿದು ಮೇಲೇರುತ್ತದೆ. ಹುಳುವಿನ ಹಿಕ್ಕೆ ಚೆನ್ನಾಗಿ ಕೊಳೆತರೆ ಒಳ್ಳೆಯ ಗೊಬ್ಬರ. ಆದರೆ ಕೀಟನಾಶಕ ತುಂಬಿದ್ದ ಡಬ್ಬವನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಕೂಡದು.

ಪಾತ್ರೆ ಯಾವುದಾದರೇನು, ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಆದುದರಿಂದ ತಳದಲ್ಲಿ ರಂಧ್ರವಿರಲೇಬೇಕು. ಗಡಿಗೆಯಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳಿನ ಮೇಲೆ ಬೋರಲಿಟ್ಟು, ಮೊಳೆಯಿಂದ ಮೆಲ್ಲಮೆಲ್ಲನೆ ಕುಟ್ಟಬೇಕು. ರಂಧ್ರದ ಮೇಲೆ ಒಂದು ಬೋಕಿಬಿಲ್ಲೆ ಮುಚ್ಚಿದರೆ ಸಾಕು, ಮಣ್ಣು ಸೋರದು. ತಳದಲ್ಲಿ ಜಲ್ಲಿ ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ, ಮೇಲಿನ ನುಣುಪು ಮಣ್ಣು ಪೂರ್ತಿ ತೊಯ್ಯುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ಬೇರಿಗೆ ದೊರೆಯಬೇಕಾದ ಜಾಗವಷ್ಟೇ ಕಡಿಮೆಯಾಗುತ್ತದೆ.

ಬರಿಯ ಕೆಂಪು ಮಣ್ಣು ಕುಂಡದಲ್ಲಿ ಒಣಗಿ ಗಟ್ಟಿಯಾಗುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಕೊಳೆತ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಬೆರೆಸುವುದು ಯುಕ್ತ. ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಮೊದಲು ತೊಳೆಯಬೇಕು. ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗಿ ಬೇರು ತಂಪಾಗಿರುತ್ತದೆ. ತಗಡಿನ ಡಬ್ಬ ಬಿಸಿಲಿಗೆ ಕಾಯುವುದರಿಂದ ಅದನ್ನು ನೆರಳಿಗಿಡಬೇಕು. ನೀರಿನ ಕೊರತೆಯಿರುವಲ್ಲಿ ದೊಡ್ಡ ಕುಂಡದ ನಡುವೆ ರಂಧ್ರವಿಲ್ಲದ ಪುಟ್ಟ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಿಡುವ ಉಪಾಯವುಂಟು. ಮಣ್ಣು ಒಣಗಿದಂತೆ ನೀರು ತಾನಾಗಿ ಒಸರುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ವಾರಕ್ಕೊಮ್ಮೆಯಾದರೂ ಅದನ್ನು ಚೆಲ್ಲಿ ಉಜ್ಜಿ ತೊಳೆಯಬೇಕು.

ಪಾತ್ರೆಯನ್ನು ನಾವು ಮಾಡಿಕೊಳ್ಳಬಹುದು, ಗೊಬ್ಬರವನ್ನೂ ಮಾಡಿಕೊಳ್ಳಬಹುದು. ಮಣ್ಣನ್ನು ಮಾತ್ರ ಮಾಡಿಕೊಳ್ಳಲಾರೆವು. ಒಂದು ಅಂಗುಲ ಮೇಲ್ಮಣ್ಣು ಕೂಡಿಬರಲು ಶತಮಾನಗಳು ಹಿಡಿಯುತ್ತವೆ. ಈ ಮಾತಿನ ತೂಕ ಚನ್ನರಾಯಪಟ್ಟಣ ಹೋಬಳಿಯವರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ೧೩ ಹಳ್ಳಿಗಳ ೧,೭೭೭ ಎಕರೆ ಭೂಮಿಯನ್ನು ಕೈಗಾರಿಕೆಗೆ ಪಡೆಯುವ ಯೋಜನೆಯ ವಿರುದ್ಧ ರೈತರು ೨೦೨೨ರಿಂದ ಮೂರು ವರ್ಷಕ್ಕೂ ಮಿಗಿಲಾಗಿ ಹೋರಾಡಿದರು. ೨೦೨೫ರ ಜುಲೈ ೧೫ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಎಕರೆಗಳ ಲೆಕ್ಕದ ಆ ವಾದದಲ್ಲಿಯೂ, ಕೊನೆಗೆ ತೂಗಿ ನೋಡಿದ್ದು ಬೆಳೆ ಕೊಡುವ ಮಣ್ಣನ್ನೇ ಅಲ್ಲವೆ?

ಪಟ್ಟಣದ ತಾರಸಿಗಳಿಗೆ ಚೀಲಗಳಲ್ಲಿ ಬರುವ ಕೆಂಪು ಮಣ್ಣು ಯಾವುದೋ ಹೊಲದ ಮೇಲ್ಪದರವಾಗಿರಬಹುದು. ಆದುದರಿಂದ ಗಿಡ ಒಣಗಿತೆಂದು ಕುಂಡದ ಮಣ್ಣನ್ನು ಚರಂಡಿಗೆ ಸುರಿಯದಿರಿ. ಹರಡಿ ಬಿಸಿಲಿಗೆ ಹಾಕಿ, ಬೇರುಗಳನ್ನು ಆಯ್ದು, ಅಡುಗೆಮನೆಯ ಕಸದಿಂದಾದ ಗೊಬ್ಬರ ಬೆರೆಸಿದರೆ ಅದು ಮತ್ತೆ ಜೀವ ಪಡೆಯುತ್ತದೆ. ಒಡೆದ ಗಡಿಗೆಯಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಊರಲು ಮಕ್ಕಳ ಕೈಗೆ ಕೊಡಿರಿ. ಬೊಗಸೆ ಮಣ್ಣಿನ ಬೆಲೆಯನ್ನು ಆ ಗಿಡವೇ ಅವರಿಗೆ ಕಲಿಸುತ್ತದೆ.