ಪರದೆಯ ಮೇಲಿನ ಮನುಷ್ಯ, ಊರಿನ ನಡೆ



ಕಿಕ್ಕೇರಿ ಎಂದರೆ ಹೊರಗಿನವರಿಗೆ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು, ಹೊಯ್ಸಳರ ಬ್ರಹ್ಮೇಶ್ವರ ಗುಡಿ ಇರುವ ಊರು. ಆದರೆ ಈ ಸೀಮೆಯ ಆಟೋಗಳ ಬೆನ್ನ ಮೇಲೆ, ಅಂಗಡಿಗಳ ಗೋಡೆಯ ಮೇಲೆ ಕಾಣುವ ಮುಖಗಳು ಅಣ್ಣಾವ್ರು ಎಂದೇ ಕರೆಯುವ ನಟ ರಾಜ್‌ಕುಮಾರ್ ಅವರದು, ಅವರ ಮಗ ಅಪ್ಪು, ಅಂದರೆ ಪುನೀತ್ ಅವರದು. ಆ ಮುಖಗಳು ನಮ್ಮ ಬಾಳಿಗೆ ಏನು ಮಾಡಿವೆ?

ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದಿಂದ ಬಂದವರು. ಅವರ ಪತ್ನಿ ಪಾರ್ವತಮ್ಮನವರು ವಜ್ರೇಶ್ವರಿ ಚಿತ್ರನಿರ್ಮಾಣ ಸಂಸ್ಥೆ ಕಟ್ಟಿದರು. ಹೆಂಗಸರು ನಿರ್ಮಾಪಕರಾಗುವುದೇ ಅಪರೂಪವಾಗಿದ್ದ ಕಾಲ ಅದು. ಕುಡಿತವನ್ನು ದೊಡ್ಡಸ್ತಿಕೆಯಾಗಿ ಮೆರೆಸುವ ಪಾತ್ರಗಳಿಂದ ಅಣ್ಣಾವ್ರು ದೂರವಿದ್ದರು. 2017ರಲ್ಲಿ ಪುನೀತ್ ಕಟ್ಟಿದ ಪಿಆರ್‌ಕೆ ಪ್ರೊಡಕ್ಷನ್ಸ್ ಹೊಸಬರಿಗೆ ಬಾಗಿಲು ತೆರೆಯಿತು.

ಅಣ್ಣಾವ್ರ 1972ರ ಚಿತ್ರ ‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳಿ. ಬಂಡೆ ತುಂಬಿದ ನೆಲವನ್ನು ಹಸಿರು ಮಾಡುವ ರಾಜೀವ, ನಾಗಮಂಗಲದ ಒಣಭೂಮಿಯ ರೈತನಿಗೆ ತನ್ನವನೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಚಿತ್ರ ನೋಡಿ ಪಟ್ಟಣ ಬಿಟ್ಟು ಊರಿಗೆ ಮರಳಿದವರ ಮಾತು ಇಂದಿಗೂ ಕೇಳಿಬರುತ್ತದೆ. ಬೇಸಾಯಕ್ಕೆ ಇಳಿದ ಓದಿದ ಹುಡುಗ ಸೋತವನಲ್ಲ ಎಂದು ಆ ಚಿತ್ರ ಲಕ್ಷಾಂತರ ಜನರ ಮನಸ್ಸಿಗೆ ತಾಕುವಂತೆ ಹೇಳಿತು.

ಆದರೆ ಕಿಕ್ಕೇರಿ, ನಾಗಮಂಗಲ ಇರುವ ಇದೇ ಮಂಡ್ಯ ಜಿಲ್ಲೆಯಿಂದ 2023ರ ಫೆಬ್ರವರಿಯಲ್ಲಿ, ಹೆಣ್ಣು ಸಿಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನೋಡಿ, ರಾಜೀವನನ್ನು ಇಷ್ಟೊಂದು ಪ್ರೀತಿಸಿದ ನಾವು ರಾಜೀವನಂಥವನಿಗೆ ಮಗಳನ್ನು ಕೊಡಲು ಹಿಂಜರಿಯುತ್ತೇವೆ. ಹೆತ್ತವರನ್ನು ದೂರಲಾರೆ. ಮಳೆಯನ್ನೂ ಬೆಲೆಯನ್ನೂ ನಂಬಲಾಗದ ಬದುಕಿಗೆ ಪರದೆಯ ಗೌರವವೊಂದೇ ಸಾಲದು.

ಹಾಗಾದರೆ ಆ ವರ್ಚಸ್ಸು ನಿಜವಾಗಿ ಬೇರೂರಿದ್ದು ಎಲ್ಲಿ? ಕಣ್ಣಿನಲ್ಲಿ. ರಾಜ್ ಹೆಸರಿನ ನೇತ್ರ ಬ್ಯಾಂಕ್ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಶುರುವಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕೊಟ್ಟ ಮಾತಿನಂತೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಆ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಲ್ಲು ತೂರಾಟ ನಡೆಯಿತು, ಸಾವುಗಳಾದವು. ಕುರುಡು ಅಭಿಮಾನದ ಆ ನೋವನ್ನೂ ಮರೆಯಬಾರದು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಅವರ ಎರಡು ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯದ ಜನ ಮುಗಿಬಿದ್ದರು. ಹೊಲ ನಡೆಸಲು ಬಂಡವಾಳ ಬೇಕು, ನೀರು ಬೇಕು. ಕಣ್ಣು ಕೊಡಲು ಮನಸ್ಸಿದ್ದರೆ ಸಾಕು. ಅಪ್ಪ ಮಾಡಿದ್ದನ್ನು ಮಗನೂ ಮಾಡಿದ್ದರಿಂದ ಜನ ನಂಬಿದರು.

ಕೇಳುಗರೇ, ಹೆಸರು ಬರೆಸಿದರಷ್ಟೇ ಆಗಲಿಲ್ಲ. ಸಾವಿನ ನಂತರ ಸಾಮಾನ್ಯವಾಗಿ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ನೇತ್ರ ಬ್ಯಾಂಕಿಗೆ ಕರೆ ಮಾಡಬೇಕಾದವರು ಮನೆಯವರು. ನಿಮ್ಮ ಇಚ್ಛೆಯನ್ನು ಇಂದೇ ಅವರಿಗೆ ತಿಳಿಸಿಡಿ.